ತೃಣಮಣಿ: ಕೊಲ್ಲದ ಸಂಗ್ರಹವೇ?

ಪಾತರಗಿತ್ತಿಗಳನ್ನು ಹಿಡಿದು, ಸೂಜಿಯಿಂದ ಚುಚ್ಚಿ, ಗಾಜಿನ ಪೆಟ್ಟಿಗೆಯಲ್ಲಿ ಸಾಲಾಗಿ ಜೋಡಿಸುವ ಹವ್ಯಾಸವನ್ನು ಅಹಿಂಸೆಯಲ್ಲಿ ಶ್ರದ್ಧೆಯುಳ್ಳ ಯಾವ ಮನೆತನವೂ ಮೆಚ್ಚದು. ಹವಳ, ದಂತ, ಚಿಪ್ಪುಗಳ ಸಂಗ್ರಹವನ್ನು ಕುರಿತೂ ಬಲ್ಲವರು ಅನುಮಾನದಿಂದಲೇ ಮಾತನಾಡುತ್ತಾರೆ. ಆದರೆ ಅಂಬರ್ ಎಂಬ ಪುರಾತನ ರಾಳದ ತುಣುಕುಗಳನ್ನು, ಅದರಲ್ಲಿಯೂ ಒಳಗೆ ಕೀಟವೋ ಎಲೆಯೋ ಹೂವೋ ಸಿಕ್ಕಿಕೊಂಡಿರುವ ತುಣುಕುಗಳನ್ನು ಸಂಗ್ರಹಿಸುವವರ ಬಳಿ ಒಂದು ಸಮರ್ಥನೆ ಸದಾ ಸಿದ್ಧವಾಗಿರುತ್ತದೆ. ಈ ಜೀವವನ್ನು ಕೊಂದವರು ಯಾರೂ ಇಲ್ಲ. ಮರದ ಗಾಯದಿಂದ ಒಸರಿದ ಅಂಟಿನಲ್ಲಿ ಅದು ತಾನಾಗಿಯೇ ಸಿಕ್ಕಿಬಿದ್ದಿತು. ಮನುಷ್ಯನು ಭೂಮಿಯ ಮೇಲೆ ಕಾಣಿಸಿಕೊಳ್ಳುವುದಕ್ಕೆ ಕೋಟ್ಯಂತರ ವರ್ಷ ಮೊದಲೇ ಅದರ ಆಯುಷ್ಯ ಮುಗಿದಿತ್ತು. ಆದ್ದರಿಂದ ಇದು ಕೊಲ್ಲದ ಸಂಗ್ರಹ, ನಿರವದ್ಯವಾದ ಸಂಗ್ರಹ ಎಂಬುದು ಅವರ ವಾದ. ಕೇಳುವುದಕ್ಕೆ ಇದು ಹಿತವಾಗಿದೆ. ಅದರ ಪೂರ್ವಾರ್ಧವು ಸತ್ಯವೂ ಆಗಿದೆ. ಪರೀಕ್ಷಿಸಬೇಕಾದುದು ಉತ್ತರಾರ್ಧವನ್ನು.

ಮೊದಲು ಹೆಸರಿನ ವಿಚಾರ. ಆಕಾಶವನ್ನೂ ವಸ್ತ್ರವನ್ನೂ ಸೂಚಿಸುವ ‘ಅಂಬರ’ಕ್ಕೂ ಈ ಅಂಬರ್‌ಗೂ ಯಾವ ಸಂಬಂಧವೂ ಇಲ್ಲ. ಇದು ಅರಬ್ಬಿಯ ‘ಅನ್ಬರ್’ ಎಂಬ ಮಾತಿನಿಂದ ಯೂರೋಪಿನ ಭಾಷೆಗಳಿಗೆ ಹೋಗಿ, ಅಲ್ಲಿಂದ ಇಂಗ್ಲಿಷಿನ ಮೂಲಕ ಇಲ್ಲಿಗೆ ಬಂದುದು. ಸಂಸ್ಕೃತದ ನಿಘಂಟುಗಳಲ್ಲಿ ಇದಕ್ಕೆ ‘ತೃಣಮಣಿ’ ಎಂಬ ಸೊಗಸಾದ ಹೆಸರಿದೆ. ಬಟ್ಟೆಯಲ್ಲಿ ಉಜ್ಜಿದಾಗ ಹುಲ್ಲಿನ ಎಸಳನ್ನು ತನ್ನೆಡೆಗೆ ಸೆಳೆದುಕೊಳ್ಳುವ ಮಣಿ ಎಂದು ಅದರ ಅರ್ಥ. ಗ್ರೀಕರು ಇದೇ ಗುಣವನ್ನು ಕಂಡಿದ್ದರು. ಅವರು ಇದಕ್ಕಿಟ್ಟ ‘ಎಲೆಕ್ಟ್ರಾನ್’ ಎಂಬ ಹೆಸರಿನಿಂದಲೇ ವಿದ್ಯುತ್ತಿಗೆ ಯೂರೋಪಿನಲ್ಲಿ ಹೆಸರು ಬಂದಿತು.

ಅಂಬರ್ ಕಲ್ಲಲ್ಲ. ಅದು ಮರದ ರಾಳ. ಪಶ್ಚಿಮ ಘಟ್ಟಗಳ ತಪ್ಪಲಿನಲ್ಲಿ ಬಿಳಿಧೂಪದ ಮರವನ್ನು ಕಂಡವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ತೊಗಟೆಗೆ ಗಾಯವಾದಾಗ ಅಂಟಂಟಾದ ರಸ ಒಸರಿ, ಗಾಳಿಗೆ ಗಟ್ಟಿಯಾಗಿ, ಹಳದಿಯ ಹೊಳಪಿನ ಗಂಟುಗಳಾಗುತ್ತದೆ. ಧೂಪಕ್ಕೆ ಬಳಕೆಯಾಗುವ ರಾಳ ಅದೇ. ಹಿಂದಿನ ಯುಗಗಳ ಕಾಡುಗಳಲ್ಲಿಯೂ ಹೀಗೆಯೇ ಒಸರಿದ ರಾಳವು ಮಣ್ಣಿನೊಳಗೆ ಹೂತುಹೋಗಿ, ಆವಿಯಾಗುವ ಅಂಶವೆಲ್ಲ ಕಳೆದು, ಉಳಿದ ಅಣುಗಳು ಒಂದಕ್ಕೊಂದು ಬೆಸೆದು, ಲಕ್ಷಾಂತರ ವರ್ಷಗಳಲ್ಲಿ ಅಂಬರ್ ಆಯಿತು. ಬಾಲ್ಟಿಕ್ ಸಮುದ್ರದ ದಂಡೆಯ ಅಂಬರ್‌ಗೆ ಸುಮಾರು 4 ಕೋಟಿ ವರ್ಷ ವಯಸ್ಸು. ಕೆರಿಬಿಯನ್ ಪ್ರದೇಶದ ಡೊಮಿನಿಕನ್ ಗಣರಾಜ್ಯದ್ದು ಅದಕ್ಕಿಂತ ಕಿರಿದು, ಒಂದೂವರೆ ಕೋಟಿಯಿಂದ 2 ಕೋಟಿ ವರ್ಷ. ಬರ್ಮಾ ದೇಶದ್ದು, ಅಂದರೆ ಇಂದಿನ ಮ್ಯಾನ್ಮಾರಿನದು, ಸುಮಾರು 9 ಕೋಟಿ 90 ಲಕ್ಷ ವರ್ಷ ಹಳೆಯದು. ಡೈನೋಸಾರುಗಳು ಬದುಕಿದ್ದ ಕಾಲದ್ದು.

ಇದರ ಮೋಹಕತೆಯನ್ನು ಅಲ್ಲಗಳೆಯುವುದು ಪ್ರಾಮಾಣಿಕತೆಯಾಗಲಾರದು. ಬಂಡೆಯಲ್ಲಿ ದೊರೆಯುವ ಪಳೆಯುಳಿಕೆಗಳು ಬಹುಮಟ್ಟಿಗೆ ಚಪ್ಪಟೆಯಾದ ಗುರುತುಗಳು. ಅಂಬರಿನಲ್ಲಾದರೋ ನೊಣದ ಕಣ್ಣಿನ ಒಂದೊಂದು ಮುಖವೂ, ಸೊಳ್ಳೆಯ ಮೀಸೆಯ ಒಂದೊಂದು ರೋಮವೂ ಎಣಿಸಲು ಸಿಗುತ್ತದೆ. ಬೇಟೆ ಸಿಕ್ಕಿಕೊಂಡಿರುವಾಗಲೇ ಮುಚ್ಚಿಹೋದ ಜೇಡನ ಬಲೆ, ಎಸಳುಗಳು ಉದುರದ ಹೂವು, ಬಾಲ್ಟಿಕ್ ತುಣುಕುಗಳಲ್ಲಿ ಮತ್ತೆಮತ್ತೆ ಕಾಣುವ ಓಕ್ ಮರದ ನಕ್ಷತ್ರಾಕಾರದ ಸೂಕ್ಷ್ಮ ರೋಮಗಳು ಇವೆಲ್ಲ ಅಂಗೈಯಷ್ಟು ಜಾಗದಲ್ಲಿ ಒಂದು ಕಾಡನ್ನೇ ತೋರಿಸುತ್ತವೆ. 2017ರಲ್ಲಿ ಪ್ರಕಟವಾದ ಬರ್ಮಾ ಅಂಬರಿನ ಒಂದು ತುಣುಕಿನಲ್ಲಿ ಉಣ್ಣೆಯೊಂದು ಡೈನೋಸಾರಿನ ಗರಿಯನ್ನು ಹಿಡಿದುಕೊಂಡಿದೆ. ಇಷ್ಟೆಲ್ಲ ಇದ್ದೂ ಅನೇಕ ವೇಳೆ ಒಳಗಿರುವುದು ದೇಹವಲ್ಲ. ದೇಹ ಕರಗಿಹೋದ ಮೇಲೆ ಉಳಿದ ಅದರ ಅಚ್ಚು ಮತ್ತು ಕರಿಯ ತೆಳುಪೊರೆ. ಅಂಬರಿನ ಕೀಟಗಳಿಂದ ವಂಶವಾಹಿಯನ್ನು ಪಡೆದೆವೆಂದು 1992–93ರಲ್ಲಿ ಕೆಲವರು ಸಾರಿದ್ದರು. 1997ರಲ್ಲಿ ಲಂಡನ್ನಿನ ವಿಜ್ಞಾನಿಗಳು ಅದೇ ಪ್ರಯೋಗಗಳನ್ನು ಮಾಡಿ ನೋಡಿದಾಗ ಏನೂ ದೊರೆಯಲಿಲ್ಲ. ಆದರೆ 1993ರ ‘ಜುರಾಸಿಕ್ ಪಾರ್ಕ್’ ಚಲನಚಿತ್ರವು ಅಷ್ಟರಲ್ಲಿ ತನ್ನ ಕೆಲಸ ಮಾಡಿಯಾಗಿತ್ತು. ಡೊಮಿನಿಕನ್ ಗಣಿಯ ಸೊಳ್ಳೆಯಿಂದ ಡೈನೋಸಾರಿನ ರಕ್ತ ತೆಗೆಯುವ ಆ ಕಥೆ, ಗಣಿಯ ವಯಸ್ಸನ್ನು ಬಲ್ಲವರಿಗೆ ನಗೆ ತರಿಸುವಂಥದು. ಆದರೂ ಕೀಟವಿರುವ ಅಂಬರಿಗೆ ಲೋಕದಲ್ಲೆಲ್ಲ ಬೇಡಿಕೆ ಏರಿದುದು ಆ ಚಿತ್ರದಿಂದ.

ಬೆಲೆಯ ಕಥೆ ಇದಕ್ಕಿಂತ ಬಹಳ ಹಳೆಯದು. ಕ್ರಿಸ್ತಶಕ ಮೊದಲನೆಯ ಶತಮಾನದ ರೋಮನ್ ಪಂಡಿತ ಪ್ಲಿನಿಯು ತನ್ನ ಪ್ರಕೃತಿ ಚರಿತ್ರೆಯ ಕೊನೆಯ ಸಂಪುಟದಲ್ಲಿ ಅಂಬರಿನ ಕುರಿತು ವಿಸ್ತಾರವಾಗಿ ಬರೆದಿದ್ದಾನೆ. ಒಳಗೆ ಇರುವೆ, ಗುಂಗುರು, ಹಲ್ಲಿ ಕಾಣುವುದರಿಂದ ಇದು ಮೊದಲು ದ್ರವವಾಗಿದ್ದಿರಬೇಕೆಂದು ಅವನು ಸರಿಯಾಗಿಯೇ ತರ್ಕಿಸುತ್ತಾನೆ. ಅದರೊಂದಿಗೆ ಇನ್ನೊಂದು ಮಾತನ್ನೂ ದಾಖಲಿಸುತ್ತಾನೆ: ಅಂಬರಿನಲ್ಲಿ ಕೆತ್ತಿದ ಎಷ್ಟೇ ಸಣ್ಣ ಮನುಷ್ಯನ ಬೊಂಬೆಯಾದರೂ ಸರಿ, ಅದರ ಬೆಲೆಯು ಜೀವಂತರೂ ದೃಢಕಾಯರೂ ಆದ ಮನುಷ್ಯರ ಬೆಲೆಯನ್ನು ಮೀರಿಸುತ್ತಿತ್ತು. ಮನುಷ್ಯರನ್ನು ಕೊಂಡು ಮಾರುತ್ತಿದ್ದ ನಗರದಲ್ಲಿ ಇದು ಅಲಂಕಾರದ ಮಾತಾಗಿರಲಿಲ್ಲ, ಪೇಟೆಯ ಲೆಕ್ಕವಾಗಿತ್ತು. ಮಧ್ಯಯುಗದಲ್ಲಿ ಬಾಲ್ಟಿಕ್ ದಂಡೆಯನ್ನು ಆಳಿದ ಟ್ಯೂಟನಿಕ್ ಪಂಥದ ಯೋಧರು ಅಂಬರಿನ ಮೇಲೆ ಏಕಸ್ವಾಮ್ಯ ಸ್ಥಾಪಿಸಿದ್ದರು. ಕಡಲು ದಂಡೆಗೆಸೆದ ತುಣುಕನ್ನು ಅನುಮತಿಯಿಲ್ಲದೆ ಹೆಕ್ಕಿಕೊಂಡವನಿಗೆ ಗಲ್ಲು ಕಾದಿರುತ್ತಿತ್ತು. ಹಾಗೆ ಕಾಪಾಡಿದ ಅಂಬರಿನಲ್ಲಿ ಬಹುಭಾಗವು ಹೋಗುತ್ತಿದ್ದುದು ಜಪಮಾಲೆ ಮಾಡುವವರ ಕೈಗೆ ಎಂಬುದನ್ನು ಎಲ್ಲ ಧರ್ಮಗಳ ಅನುಯಾಯಿಗಳೂ ನೆನಪಿಡುವುದು ಲೇಸು.

ಈಗ ಹೂಕಾಂಗ್ ಕಣಿವೆಗೆ ಬರಬೇಕು. ಮ್ಯಾನ್ಮಾರಿನ ಉತ್ತರದ ತುದಿಯಲ್ಲಿ, ಕಚಿನ್ ರಾಜ್ಯದಲ್ಲಿರುವ ಈ ಕಣಿವೆಯ ಅಂಬರ್ ಇಂದಿನ ಸಂಗ್ರಾಹಕರ ಆಸೆಯ ಕೇಂದ್ರ. ಬರ್ಮಾ ಬ್ರಿಟಿಷ್ ಇಂಡಿಯಾದ ಪ್ರಾಂತವಾಗಿದ್ದಾಗ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯ ಫ್ರಿಟ್ಜ್ ನೋಟ್ಲಿಂಗ್ ಅಲ್ಲಿಗೆ ಹೋಗಿ, 1893ರಲ್ಲಿ ಈ ರಾಳವನ್ನು ವರ್ಣಿಸಿದರು. ಮುಂದೆ ಸ್ವಿನ್‌ಹೋ ಎಂಬವರು ಆಯ್ದು ಕಳುಹಿಸಿದ ತುಣುಕುಗಳ ಕೀಟಗಳನ್ನು ಕಾಕರೆಲ್ ಎಂಬ ವಿದ್ವಾಂಸರು 1916ರಿಂದ ವಿವರಿಸತೊಡಗಿದರು. ಆ ತುಣುಕುಗಳು ಲಂಡನ್ನಿನ ಪ್ರಕೃತಿ ಇತಿಹಾಸ ವಸ್ತುಸಂಗ್ರಹಾಲಯವನ್ನು ಸೇರಿ, ಶತಮಾನದ ನಂತರವೂ ಅಧ್ಯಯನಕ್ಕೆ ಒದಗುತ್ತಿವೆ. ಅಂಬರಿನೊಂದಿಗೆ ದೊರೆಯುವ ಜ್ವಾಲಾಮುಖಿಯ ಮಣ್ಣಿನ ಜಿರ್ಕಾನ್ ಹರಳುಗಳಿಂದ ಅದರ ವಯಸ್ಸು ಖಚಿತವಾದುದು 2012ರಲ್ಲಿ. ಆ ಮೇಲೆ ಬಂದುದು ಒಂದು ಪ್ರವಾಹ. ಚೀನಾದ ಯುನ್ನಾನ್ ಪ್ರಾಂತದ ತೆಂಗ್‌ಚಾಂಗ್ ಪೇಟೆಯಲ್ಲಿ ಕಚಿನ್ ಅಂಬರಿನ ವ್ಯಾಪಾರ ಬೆಳೆಯಿತು. ಇದುವರೆಗೆ ಈ ಒಂದೇ ಪ್ರದೇಶದ ಅಂಬರಿನಿಂದ ಎರಡು ಸಾವಿರಕ್ಕೂ ಮೀರಿದ ಅಳಿದ ಜೀವಜಾತಿಗಳಿಗೆ ಹೆಸರಿಡಲಾಗಿದೆ. ಗರಿಯುಳ್ಳ ಡೈನೋಸಾರಿನ ಬಾಲದ ತುದಿಯೊಂದು 2015ರಲ್ಲಿ ಮಿಟ್ಕಿನಾ ಪಟ್ಟಣದ ಪೇಟೆಯಲ್ಲಿ ಶಿಂಗ್ ಲಿಡಾ ಎಂಬ ಚೀನೀ ಸಂಶೋಧಕರ ಕಣ್ಣಿಗೆ ಬಿದ್ದು, 2016ರ ಡಿಸೆಂಬರಿನಲ್ಲಿ ಪ್ರಕಟವಾಯಿತು. ಮಾರುತ್ತಿದ್ದವನು ಅದನ್ನು ಯಾವುದೋ ಗಿಡವೆಂದು ತಿಳಿದಿದ್ದನು. ಆಭರಣಕ್ಕಾಗಿ ಆಗಲೇ ಅದನ್ನು ಉಜ್ಜಿ ಹೊಳಪು ಕೊಡಲಾಗಿತ್ತು.

ಈ ತುಣುಕುಗಳು ಮೇಲಕ್ಕೆ ಬರುವುದು ಹೇಗೆ? ಒಬ್ಬ ಮನುಷ್ಯ ಇಳಿಯುವಷ್ಟೇ ಅಗಲವಾದ, ಆಳವಾದ ಗುಂಡಿಗಳಿಂದ. ಗುಂಡಿಯ ಗೋಡೆಗೆ ಆಸರೆ ಅತ್ಯಲ್ಪ. ಕುಸಿದು ಸತ್ತವರ ಲೆಕ್ಕವನ್ನು ಇಟ್ಟವರಿಲ್ಲ. ಕಚಿನ್ ಸ್ವಾತಂತ್ರ್ಯ ಸೇನೆಯೂ ಮ್ಯಾನ್ಮಾರಿನ ಸೈನ್ಯವೂ ದಶಕಗಳಿಂದ ಕಾದಾಡುತ್ತಿರುವ ಈ ನೆಲದಲ್ಲಿ ಅಂಬರಿನ ಮೇಲಿನ ತೆರಿಗೆಯು ಇಬ್ಬರಿಗೂ ಆದಾಯವಾಗಿತ್ತು. 2017ರ ಜೂನ್ ತಿಂಗಳಲ್ಲಿ ಸೈನ್ಯವು ಹೆಲಿಕಾಪ್ಟರಿನಿಂದ ಕರಪತ್ರಗಳನ್ನು ಚೆಲ್ಲಿ, ತನೈ ಪ್ರದೇಶದ ಗಣಿಗಳನ್ನು ಬಿಟ್ಟು ಹೊರಡಬೇಕೆಂದು ಜನರಿಗೆ ಆಜ್ಞಾಪಿಸಿತು. ಸಾವಿರಾರು ಜನ ಮನೆಮಠ ತೊರೆದರು. 2018ರ ಜನವರಿಯಲ್ಲಿ ಅದೇ ಪ್ರದೇಶದ ಮೇಲೆ ವಿಮಾನದಾಳಿಗಳು ನಡೆದು, ಗಣಿಯ ಕೆಲಸಗಾರರು ನಡುವೆ ಸಿಕ್ಕಿಕೊಂಡರು. 2020ರ ಏಪ್ರಿಲ್‌ನಲ್ಲಿ ಕಶೇರುಕ ಪ್ರಾಗ್ಜೀವಿಗಳ ಅಧ್ಯಯನಕ್ಕೆ ಮೀಸಲಾದ ಅಂತಾರಾಷ್ಟ್ರೀಯ ಸಂಘವು ವಿದ್ವತ್ ಪತ್ರಿಕೆಗಳ ಸಂಪಾದಕರಿಗೆ ಪತ್ರ ಬರೆದು, 2017ರ ಜೂನ್ ನಂತರ ಕೊಂಡ ಬರ್ಮಾ ಅಂಬರನ್ನು ಆಧರಿಸಿದ ಲೇಖನಗಳನ್ನು ಪ್ರಕಟಿಸಬಾರದೆಂದು ಕೇಳಿಕೊಂಡಿತು. 2021ರ ಫೆಬ್ರವರಿಯಲ್ಲಿ ಸೈನ್ಯವು ಇಡೀ ದೇಶದ ಆಡಳಿತವನ್ನೇ ಕಿತ್ತುಕೊಂಡಿತು.

ಕಾನೂನಿನ ಒಂದು ವಿಚಿತ್ರವನ್ನೂ ಇಲ್ಲಿ ಗಮನಿಸಬೇಕು. ಮ್ಯಾನ್ಮಾರಿನಿಂದ ಪಳೆಯುಳಿಕೆಗಳನ್ನು ಅನುಮತಿಯಿಲ್ಲದೆ ಹೊರಗೆ ಸಾಗಿಸುವಂತಿಲ್ಲ. ಆದರೆ ಅಂಬರ್ ಅಲ್ಲಿ ರತ್ನಗಳ ವರ್ಗಕ್ಕೆ ಸೇರಿದೆ. ಆದ್ದರಿಂದ ಗಡಿಯನ್ನು ದಾಟುವಾಗ ಅದು ರತ್ನ. ದಾಟಿದ ಮೇಲೆ ಪಳೆಯುಳಿಕೆ. ಎರಡು ಹೆಸರುಗಳ ನಡುವಿನ ಈ ಸಂದಿಯಲ್ಲಿಯೇ ಬಹುಪಾಲು ಸಂಗ್ರಹಗಳು ಬೆಳೆದಿವೆ.

‘ಕೊಲ್ಲದ ಸಂಗ್ರಹ’ ಎಂಬ ವಾದದ ದೋಷವು ಇಲ್ಲಿ ಸ್ಪಷ್ಟವಾಗುತ್ತದೆ. ಅದು ಹಿಂಸೆಯನ್ನು ಒಂದೇ ಕಡೆ, ಕೀಟದ ಮರಣದಲ್ಲಿ ಹುಡುಕುತ್ತದೆ. ಅಲ್ಲಿ ಕಾಣದಿದ್ದಾಗ ಹುಡುಕಾಟವನ್ನೇ ನಿಲ್ಲಿಸುತ್ತದೆ. ವಸ್ತುವಿನ ಹುಟ್ಟನ್ನು ಮಾತ್ರ ನೋಡಿ ಅದರ ಬರವನ್ನು ನೋಡದ ಈ ದೃಷ್ಟಿಯು ಶ್ರಾವಕಾಚಾರವನ್ನು ಬಲ್ಲವರಿಗೆ ಹೊಸದಲ್ಲ, ಅದಕ್ಕೆ ಉತ್ತರವೂ ಹೊಸದಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯಾಣುವ್ರತದ ಐದು ಅತಿಚಾರಗಳು ಬರುತ್ತವೆ. ಅವುಗಳಲ್ಲಿ ಕದ್ದು ತಂದುದನ್ನು ಕೊಳ್ಳುವ ತದಾಹೃತಾದಾನವನ್ನು ಎಲ್ಲರೂ ಬಲ್ಲರು. ವಿರುದ್ಧರಾಜ್ಯಾತಿಕ್ರಮ ಎಂಬುದು ಮಾತ್ರ ಪ್ರವಚನಗಳಲ್ಲಿ ಬೇಗನೆ ದಾಟಿಹೋಗುವ ಪದ. ರಾಜನ ಸುಂಕ ತಪ್ಪಿಸುವುದು ಎಂದಷ್ಟೇ ಹೇಳಿ ಮುಗಿಸುವುದುಂಟು. ಆದರೆ ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಇದರ ತಿರುಳನ್ನು ಬಿಡಿಸಿದ್ದಾರೆ. ವ್ಯವಸ್ಥೆ ಕದಡಿದ ರಾಜ್ಯದಲ್ಲಿ ಬೆಲೆಬಾಳುವ ವಸ್ತುಗಳು ಅಲ್ಪ ಬೆಲೆಗೆ ದೊರೆಯುತ್ತವೆಂದು ನ್ಯಾಯದ ದಾರಿಯನ್ನು ಬಿಟ್ಟು ಅವಕ್ಕಾಗಿ ಯತ್ನಿಸುವುದು ಅದರ ಭಾವ. ಸುಮಾರು ಒಂದೂವರೆ ಸಾವಿರ ವರ್ಷಗಳ ಹಿಂದೆ ಕನ್ನಡ ನಾಡಿನ ಆಚಾರ್ಯರೊಬ್ಬರು ಬರೆದ ಈ ವಿವರಣೆಗೆ ತೆಂಗ್‌ಚಾಂಗಿನ ಅಂಬರ್ ಪೇಟೆಗಿಂತ ಹೊಂದುವ ಉದಾಹರಣೆ ದೊರೆಯುವುದು ಕಷ್ಟ. ರತ್ನವ್ಯಾಪಾರವನ್ನು ವೃತ್ತಿಯಾಗಿ ಉಳ್ಳ ಕುಟುಂಬಗಳು ಈ ಪದವನ್ನು ಇನ್ನೊಮ್ಮೆ ನಿಧಾನವಾಗಿ ಓದಬಹುದು.

ವಿರುದ್ಧ ಪಕ್ಷವನ್ನೂ ನ್ಯಾಯವಾಗಿ ಆಲಿಸಬೇಕು. 2020ರ ಆ ಕರೆಯನ್ನು ಎಲ್ಲ ವಿಜ್ಞಾನಿಗಳೂ ಒಪ್ಪಲಿಲ್ಲ. ಗಣಿಗಳು ನಡೆಯುವುದು ಆಭರಣದ ಪೇಟೆಗಾಗಿಯೇ ಹೊರತು ಪಳೆಯುಳಿಕೆಗಳಿಗಾಗಿ ಅಲ್ಲ. ವಿಜ್ಞಾನಿಗಳು ಬೆನ್ನು ತಿರುಗಿಸಿದರೆ ಅಗೆತವೇನೂ ನಿಲ್ಲದು, ಬದಲಾಗಿ ಅಮೂಲ್ಯವಾದ ತುಣುಕುಗಳು ಬಳೆಯಾಗಿ, ಪದಕವಾಗಿ ಅರೆದುಹೋಗುತ್ತವೆ ಎಂದು ಅವರು ಹೇಳಿದರು. ಈ ಮಾತಿನಲ್ಲಿ ತಿರುಳಿದೆ. ಕಚಿನ್ ಜನರಿಗೆ ಬೇರೆ ಜೀವನೋಪಾಯ ಕಡಮೆಯೆಂಬುದೂ ನಿಜ. ಆದರೆ ಓದುಗರು ಒಂದು ಭೇದವನ್ನು ಗುರುತಿಸಬೇಕು. ತುಣುಕನ್ನು ಅಧ್ಯಯನ ಮಾಡಿ, ಪ್ರಕಟಿಸಿ, ಸಾರ್ವಜನಿಕ ಸಂಸ್ಥೆಯಲ್ಲಿ ಇಡುವವನಿಗೆ ಸಲ್ಲಬಹುದಾದ ಸಮರ್ಥನೆಯು, ಅದನ್ನು ಕೊಂಡು ಬೀರುವಿನಲ್ಲಿ ಬೀಗ ಹಾಕಿ ಇಡುವವನಿಗೆ ಸಲ್ಲದು. ಸಂಗ್ರಾಹಕರು ವಿಜ್ಞಾನದ ಈ ವಾದವನ್ನು ಎರವಲು ಪಡೆಯುವುದು ವಾಡಿಕೆಯಾಗಿದೆ. ಹಾಗೆ ಪಡೆದವರು ಅದರ ಋಣವನ್ನು ತೀರಿಸಿದ್ದು ಅಪರೂಪ.

ಬೀರುವಿನ ವಿಚಾರ ಬಂದುದರಿಂದ ಅದನ್ನು ಇನ್ನಷ್ಟು ನೋಡಬಹುದು. ಹೊಸ ಜಾತಿಯೊಂದಕ್ಕೆ ಹೆಸರಿಡುವಾಗ ಆಧಾರವಾಗುವ ಮಾದರಿಯನ್ನು ಸಾರ್ವಜನಿಕ ಸಂಸ್ಥೆಯಲ್ಲಿ ಇಡಬೇಕೆಂದು ಪ್ರಾಣಿನಾಮಕರಣದ ಅಂತಾರಾಷ್ಟ್ರೀಯ ಸಂಹಿತೆಯು ಸಲಹೆ ನೀಡುತ್ತದೆ. ಇದು ಸಲಹೆ ಮಾತ್ರ, ಕಡ್ಡಾಯವಲ್ಲ. ಅದರ ಫಲವನ್ನು 2020ರಲ್ಲಿ ಲೋಕವೇ ಕಂಡಿತು. ಆ ವರ್ಷದ ಮಾರ್ಚಿನಲ್ಲಿ ‘ನೇಚರ್’ ಪತ್ರಿಕೆಯು ಬರ್ಮಾ ಅಂಬರಿನೊಳಗಿನ ಒಂದು ಪುಟ್ಟ ತಲೆಬುರುಡೆಯನ್ನು ಅತ್ಯಂತ ಚಿಕ್ಕ ಡೈನೋಸಾರ್-ಪಕ್ಷಿಯೆಂದು ಮುಖಪುಟದಲ್ಲಿ ಸಾರಿತು. ಆ ತುಣುಕು ಇದ್ದುದು ತೆಂಗ್‌ಚಾಂಗಿನ ಒಂದು ಖಾಸಗಿ ಸಂಗ್ರಹಾಲಯದಲ್ಲಿ. ಇನ್ನೊಂದು ಮಾದರಿಯನ್ನು ಬಲ್ಲವರು ಸಂಶಯ ಎತ್ತಿದರು. ಜುಲೈ ತಿಂಗಳಲ್ಲಿ ಲೇಖನವನ್ನು ಹಿಂತೆಗೆದುಕೊಳ್ಳಲಾಯಿತು. 2021ರಲ್ಲಿ ಆ ಎರಡನೆಯ ಮಾದರಿ ಪ್ರಕಟವಾದಾಗ ಪಕ್ಷಿಯು ಹಲ್ಲಿಯ ಜಾತಿಯದೆಂದು ತೀರ್ಮಾನವಾಯಿತು. ಈ ಎರಡನೆಯ ತುಣುಕು 2017ರ ಸಂಘರ್ಷಕ್ಕೆ ಮೊದಲೇ, ಕಾಗದಪತ್ರಗಳೊಂದಿಗೆ ಹೊರಬಂದು, ಒಂದು ಪ್ರತಿಷ್ಠಾನದಲ್ಲಿ ಸಂಶೋಧಕರಿಗೆ ದೊರೆಯುವಂತಿತ್ತು. ಮುಚ್ಚಿಟ್ಟುದು ಮಾಡಿದ ತಪ್ಪನ್ನು ತೆರೆದಿಟ್ಟುದು ತಿದ್ದಿತು.

ಕೊಂಡು ಇಟ್ಟವರು ಅದನ್ನು ಚೆನ್ನಾಗಿ ಕಾಪಾಡುತ್ತಾರೆಂಬ ನಂಬಿಕೆಗೂ ಆಧಾರ ಕಡಮೆ. ಅಂಬರ್ ಬೆಳಕಿಗೂ ಬಿಸಿಗೂ ಗಾಳಿಗೂ ಸವೆಯುತ್ತದೆ. ಮೊದಲು ಬಣ್ಣ ಕಂದುತ್ತದೆ, ಆ ಮೇಲೆ ಜೇಡರ ಬಲೆಯಂತೆ ಸೂಕ್ಷ್ಮ ಬಿರುಕುಗಳೇಳುತ್ತವೆ. ಕೋಟಿ ವರ್ಷ ಮಣ್ಣಿನೊಳಗೆ ಕೆಡದಿದ್ದುದು ಕಿಟಕಿಯ ಬಳಿಯ ಗಾಜಿನ ಕಪಾಟಿನಲ್ಲಿ ಒಂದು ತಲೆಮಾರಿನಲ್ಲಿ ಕೆಡಬಹುದು. ಸಾರ್ವಜನಿಕ ಸಂಸ್ಥೆಗಳೂ ಅಜೇಯವಲ್ಲ. ಪೂರ್ವ ಪ್ರಷ್ಯದ ಕೋನಿಗ್ಸ್‌ಬರ್ಗ್ ವಿಶ್ವವಿದ್ಯಾನಿಲಯದಲ್ಲಿ ಲಕ್ಷಕ್ಕೂ ಮೀರಿದ ಅಂಬರ್ ಮಾದರಿಗಳಿದ್ದವು. ಎರಡನೆಯ ಮಹಾಯುದ್ಧದಲ್ಲಿ ಬಹುಭಾಗ ಕಳೆದುಹೋಗಿ, ಉಳಿದದ್ದು ಗೋಟಿಂಗೆನ್ ನಗರವನ್ನು ಸೇರಿತು. ಆದರೂ ಕಳೆದುದು ಏನೆಂಬುದಕ್ಕೆ ಅಲ್ಲಿ ಬರೆಹದ ದಾಖಲೆಯಿತ್ತು. ಬೀರುವಿನಿಂದ ಕಳೆದುಹೋದುದಕ್ಕೆ ಅದೂ ಇರುವುದಿಲ್ಲ.

ಬರ್ಮಾದ್ದು ಬೇಡ, ಬಾಲ್ಟಿಕ್‌ನದು ಸಾಕು ಎನ್ನುವವರಿಗೂ ಒಂದು ಮಾತು. ಲೋಕದ ಬಾಲ್ಟಿಕ್ ಅಂಬರಿನ ಬಹುಪಾಲು ರಷ್ಯದ ಕಲಿನಿನ್‌ಗ್ರಾಡ್ ಪ್ರಾಂತದ ಯಾಂತಾರ್ನಿ ಗಣಿಯಿಂದ ಬರುತ್ತದೆ. ಉಕ್ರೇನಿನ ರಿವ್ನೆ, ಜಿತೋಮಿರ್, ವೊಲಿನ್ ಪ್ರಾಂತಗಳಲ್ಲಿಯೂ ಅದೇ ಜಾತಿಯ ಅಂಬರ್ ಇದೆ. ಅಲ್ಲಿ 2014ರ ನಂತರ ಕಳ್ಳಗಣಿಗಾರಿಕೆಯು ಭೀಕರವಾಗಿ ಹೆಚ್ಚಿತು. ಕಾಡಿನ ನೆಲಕ್ಕೆ ಪಂಪುಗಳಿಂದ ನೀರನ್ನು ರಭಸವಾಗಿ ನುಗ್ಗಿಸಿ, ಹಗುರವಾದ ಅಂಬರನ್ನು ಮೇಲೆ ತೇಲಿಸುವುದು ಅವರ ಕ್ರಮ. ಮರಗಳು ಬುಡಮೇಲಾಗಿ, ಮೇಲ್ಮಣ್ಣು ಕೊಚ್ಚಿಹೋಗಿ, ಕಾಡಿದ್ದಲ್ಲಿ ಮರಳಿನ ಹೊಂಡಗಳು ಉಳಿದವು. ಒಂದು ಮೃತ ನೊಣಕ್ಕಾಗಿ ಎಷ್ಟು ಜೀವಂತ ನೆಲ ಹಾಳಾಯಿತೆಂದು ಲೆಕ್ಕ ಹಾಕುವವನಿಗೆ ‘ನಿರವದ್ಯ’ ಎಂಬ ಮಾತು ಬಾಯಿಗೆ ಬಾರದು.

ಇನ್ನು ಖೋಟಾ ಸರಕಿನ ವಿಚಾರ. ಸಂಗ್ರಾಹಕರ ವಾದದ ಪೂರ್ವಾರ್ಧವೂ ಇಲ್ಲಿ ಬಿದ್ದುಹೋಗುತ್ತದೆ. ಕೀಟವಿಲ್ಲದ ತುಣುಕಿಗಿಂತ ಕೀಟವಿರುವ ತುಣುಕಿಗೆ ಬೆಲೆ ಹೆಚ್ಚು; ಕೀಟಕ್ಕಿಂತ ಚೇಳಿಗೆ, ಹಲ್ಲಿಗೆ ಇನ್ನೂ ಹೆಚ್ಚು. ಆದ್ದರಿಂದ ಇಂದಿನ ಕೀಟಗಳನ್ನು, ಚೇಳುಗಳನ್ನು ಹಿಡಿದು ಕೊಂದು, ಪ್ಲಾಸ್ಟಿಕ್ಕಿನಲ್ಲಿಯೋ ಕರಗಿಸಿದ ಕೋಪಲ್ ಎಂಬ ಎಳೆಯ ರಾಳದಲ್ಲಿಯೋ ಅಚ್ಚು ಹಾಕಿ ಮಾರುವ ಉದ್ಯಮವೇ ಬೆಳೆದಿದೆ. ಪ್ರವಾಸಿತಾಣಗಳ ಅಂಗಡಿಗಳಲ್ಲಿ ತೂಗುಬಿದ್ದಿರುವ ಚೇಳಿನ ಕೀಲಿಗೊಂಚಲುಗಳು ಈ ಉದ್ಯಮದ ಬಹಿರಂಗ ರೂಪ. ಅಂಬರ್ ಎಂಬ ಹೆಸರಿನಲ್ಲಿ ಹೆಚ್ಚಿನ ಬೆಲೆಗೆ ಹೋಗುವುದು ಅದರ ಮರೆಯ ರೂಪ. ಪುರಾತನ ಜೀವವೆಂದು ಭಾವಿಸಿ ಕೊಂಡು, ಮಗುವಿನ ಕೈಗೆ ಉಡುಗೊರೆಯಾಗಿ ಕೊಟ್ಟ ತುಣುಕಿನೊಳಗಿರುವುದು ಅದನ್ನು ಮಾರುವುದಕ್ಕಾಗಿಯೇ ಕೊಂದ ಪ್ರಾಣಿಯಾಗಿರಬಹುದು. ಮೇಲೆ ಹೇಳಿದ ಐದು ಅತಿಚಾರಗಳಲ್ಲಿ ಕೊನೆಯದು ಪ್ರತಿರೂಪಕ ವ್ಯವಹಾರ, ಅಂದರೆ ನಕಲಿಯನ್ನು ಅಸಲಿಯೆಂದು ನಡೆಸುವುದು. ಇಲ್ಲಿ ಆ ಅತಿಚಾರವು ಪ್ರಾಣಿವಧೆಯನ್ನೂ ಜೊತೆಗೂಡಿಸಿಕೊಂಡಿದೆ.

ಬಲ್ಲವರೂ ಮೋಸಹೋಗುತ್ತಾರೆಂಬುದಕ್ಕೆ ಲಂಡನ್ ಸಂಗ್ರಹಾಲಯದ ಒಂದು ನೊಣವೇ ಸಾಕ್ಷಿ. ಲೋವ್ ಎಂಬ ಜರ್ಮನ್ ಕೀಟತಜ್ಞರು 1850ರಲ್ಲಿ ಇದನ್ನು ಪ್ರಸ್ತಾಪಿಸಿದ್ದರು. 1922ರಲ್ಲಿ ಅದು ಸಂಗ್ರಹಾಲಯವನ್ನು ಸೇರಿತು. 1966ರಲ್ಲಿ ವಿಲ್ಲಿ ಹೆನಿಗ್‌ರಂಥ ಧೀಮಂತರು ಅದನ್ನು ಪರೀಕ್ಷಿಸಿ, ಇಂದಿಗೂ ಬದುಕಿರುವ ಒಂದು ನೊಣದ ಜಾತಿಯು 4 ಕೋಟಿ ವರ್ಷಗಳಷ್ಟು ಹಿಂದೆಯೇ ಇದ್ದಿತೆಂಬ ಆಶ್ಚರ್ಯವನ್ನು ದಾಖಲಿಸಿದರು. 1993ರಲ್ಲಿ ಆಂಡ್ರ್ಯೂ ರಾಸ್ ಎಂಬ ಯುವಕರು ಸೂಕ್ಷ್ಮದರ್ಶಕದ ದೀಪದ ಕೆಳಗೆ ಅದನ್ನು ನೋಡುತ್ತಿದ್ದಾಗ ದೀಪದ ಬಿಸಿಗೆ ಒಂದು ಬಿರುಕು ಕಾಣಿಸಿಕೊಂಡಿತು. ಯಾರೋ ನಿಜವಾದ ಅಂಬರನ್ನು ಎರಡಾಗಿ ಸೀಳಿ, ಒಂದು ಭಾಗದಲ್ಲಿ ಗುಳಿ ಕೊರೆದು, ಹತ್ತೊಂಬತ್ತನೆಯ ಶತಮಾನದ ಸಾಮಾನ್ಯ ಪಾಯಿಖಾನೆಯ ನೊಣವೊಂದನ್ನು ಇರಿಸಿ, ಮತ್ತೆ ಅಂಟಿಸಿದ್ದರು. ನೂರನಲವತ್ತು ವರ್ಷಗಳಿಗೂ ಮಿಕ್ಕಿ ಪಂಡಿತರು ಅದನ್ನು ಗೌರವದಿಂದ ಕಂಡಿದ್ದರು.

ಮನೆಯಲ್ಲಿ ಮಾಡಬಹುದಾದ ಪರೀಕ್ಷೆಗಳಿವೆ; ಅವುಗಳ ಮಿತಿಯನ್ನೂ ತಿಳಿದಿರಬೇಕು. ಉಪ್ಪು ಕರಗುವಷ್ಟೂ ಕರಗಿಸಿದ ನೀರಿನಲ್ಲಿ ಅಂಬರ್ ತೇಲುತ್ತದೆ, ಬಹುಪಾಲು ಪ್ಲಾಸ್ಟಿಕ್ ಮುಳುಗುತ್ತದೆ. ಆದರೆ ಕೋಪಲ್ ಕೂಡ ತೇಲುತ್ತದೆ. ಉಗುರುಬಣ್ಣ ತೆಗೆಯುವ ಅಸಿಟೋನಿನ ಒಂದು ಹನಿ ಬಿದ್ದರೆ ಕೋಪಲ್ ಅಂಟಂಟಾಗುತ್ತದೆ, ಅಂಬರ್ ಆಗದು. ಸೀಳಿ ಅಂಟಿಸಿದ ನಕಲನ್ನು ಇವೆರಡೂ ಬಯಲುಮಾಡವು. ಒಳಗಿನ ಪ್ರಾಣಿ ದೊಡ್ಡದಾಗಿ, ಸರಿಯಾಗಿ ನಡುವೆ, ಕೈಕಾಲು ಚಾಚಿ ಕುಳಿತಿದ್ದರೆ ಸಂಶಯಪಡಬೇಕು. ರಾಳದಲ್ಲಿ ನಿಜವಾಗಿ ಸಿಕ್ಕಿಬಿದ್ದ ಜೀವವು ಸಾಮಾನ್ಯವಾಗಿ ಓರೆಯಾಗಿ, ರೆಕ್ಕೆ ಮುದುಡಿ, ಒದ್ದಾಡಿದ ಗುರುತುಗಳೊಂದಿಗೆ ಇರುತ್ತದೆ.

ಶ್ರಾವಕರ ಮನೆಗಳಿಗೂ ಬಸದಿಗಳ ಆಡಳಿತ ಮಂಡಲಿಗಳಿಗೂ ಈ ವಸ್ತು ಕೊಳ್ಳುವುದರಿಂದ ಮಾತ್ರವಲ್ಲ, ಕಾಣಿಕೆಯಾಗಿಯೂ ಬರಬಹುದು. ಯಾವ ದೇಶದ್ದು, ಯಾವ ವರ್ಷ ಹೊರಬಂದುದು, ಯಾರ ಕೈಯಿಂದ ಯಾರ ಕೈಗೆ ಬಂದುದು ಎಂಬುದಕ್ಕೆ ಬರೆಹದ ಆಧಾರ ಕೇಳಿದರೆ ದಾನಿಗೆ ಅವಮಾನವೇನೂ ಆಗದು. ಆಧಾರವಿಲ್ಲದ ತುಣುಕನ್ನು ನಯವಾಗಿ ಹಿಂದಿರುಗಿಸಬಹುದು. ಆಧಾರವಿರುವುದನ್ನು ವಿಶ್ವವಿದ್ಯಾನಿಲಯದ ಭೂವಿಜ್ಞಾನ ವಿಭಾಗಕ್ಕೆ ಒಪ್ಪಿಸಬಹುದು. ಪ್ರದರ್ಶನಕ್ಕೆ ಇಡಲೇಬೇಕೆಂಬ ಹಟವು ಇಂಥ ವಿಚಾರಗಳಲ್ಲಿ ಮೋಹದ ಇನ್ನೊಂದು ಹೆಸರು.

ಇದರಿಂದ ಅಂಬರನ್ನು ಆಯುವುದೇ ದೋಷವೆಂದು ಯಾರೂ ತಿಳಿಯಬೇಕಾಗಿಲ್ಲ. ಗುಜರಾತಿನ ಸೂರತ್ ಜಿಲ್ಲೆಯ ವಸ್ತಾನ್ ಮತ್ತು ತಡಕೇಶ್ವರದ ಲಿಗ್ನೈಟ್ ಗಣಿಗಳಲ್ಲಿ ಸುಮಾರು 5 ಕೋಟಿ ವರ್ಷ ಹಳೆಯ ಅಂಬರ್ ದೊರೆತಿದೆ. ಭಾರತ, ಜರ್ಮನಿ, ಅಮೆರಿಕಗಳ ವಿಜ್ಞಾನಿಗಳು ಸೇರಿ 2010ರಲ್ಲಿ ಇದರ ವಿವರವನ್ನು ಪ್ರಕಟಿಸಿದರು. ಸುಮಾರು 150 ಕಿಲೋ ಅಂಬರಿನಿಂದ 700ಕ್ಕೂ ಹೆಚ್ಚು ಕೀಟ, ಜೇಡ ಮುಂತಾದ ಸಂಧಿಪದಿಗಳು, 55 ಕುಟುಂಬಗಳಿಗೆ ಸೇರಿದವು, ಅವರಿಗೆ ದೊರೆತವು. ಏಷ್ಯಾದೊಂದಿಗೆ ಕೂಡಿಕೊಳ್ಳುವ ಮೊದಲು ಭಾರತವು ದೀರ್ಘಕಾಲ ಕಡಲ ನಡುವೆ ಒಂಟಿಯಾಗಿ ತೇಲುತ್ತಿತ್ತು, ಇಲ್ಲಿನ ಜೀವಿಗಳೂ ಒಂಟಿಯಾಗಿ ವಿಕಾಸಗೊಂಡಿದ್ದವು ಎಂದು ಹಿಂದೆ ಭಾವಿಸಲಾಗಿತ್ತು. ಈ ಪುಟ್ಟ ಕೀಟಗಳ ಬಂಧುಗಳು ಯೂರೋಪಿನಲ್ಲಿಯೂ ಏಷ್ಯಾದಲ್ಲಿಯೂ ಕಂಡುಬಂದು, ಆ ಭಾವನೆಯನ್ನು ಸಡಿಲಿಸಿದವು. ರಾಳವನ್ನು ಒಸರಿದುದು ಡಿಪ್ಟೆರೊಕಾರ್ಪೇಸಿ ಕುಟುಂಬದ ಮರಗಳು. ಘಟ್ಟದ ಬಿಳಿಧೂಪವೂ ಅದೇ ಕುಟುಂಬದ್ದು. ಲಿಗ್ನೈಟನ್ನು ಅಗೆಯುವುದು ವಿದ್ಯುತ್ತಿಗಾಗಿ. ಅದರ ನಡುವಿನ ಅಂಬರನ್ನು ಆಯ್ದುಕೊಂಡವರು ಯಾವ ಜೀವಕ್ಕೂ ಹೊಸ ಹಾನಿ ಮಾಡಲಿಲ್ಲ. ಆಯ್ದ ಸ್ಥಳವನ್ನು ಬರೆದಿಟ್ಟರು. ಜಾತಿಗಳಿಗೆ ಆಧಾರವಾದ ಮಾದರಿಗಳನ್ನು ಲಕ್ನೋದ ಬೀರಬಲ್ ಸಾಹ್ನಿ ಸಂಸ್ಥೆಯಲ್ಲಿ ಇರಿಸಿದರು. ಆಯ್ದುಕೊಳ್ಳದೆ ಉಳಿದುದು ಲಿಗ್ನೈಟಿನೊಂದಿಗೆ ವಿದ್ಯುತ್ ಸ್ಥಾವರದ ಕುಲುಮೆಯನ್ನು ಸೇರುತ್ತದೆ.